ಒಮ್ಮೆ ಕೆಮ್ಮಿ ತೋರಿಸ್ರಿ

ಹರ್ನಿಯಾ ನಗುವಂಥ ಕಾಯಿಲೆ ಅಲ್ಲ. ಆದರೆ ಅದನ್ನು ಹೊತ್ತು ತಂದವರು ಒಬ್ಬ ಹೆಂಗಸು ಡಾಕ್ಟರ ಎದುರು ಕೂತರೆ, ನಗು ತಡೆಯುವುದೇ ಒಂದು ದೊಡ್ಡ ಆಪರೇಷನ್ನು. ನಮ್ಮ ಯಜಮಾನರಿಗೆ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ. ನಾನು ಸನತ್‌ನಗರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಸರ್ಜನ್. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅವನ್ನು ಕಟ್ಟುವವರಲ್ಲೂ ನಮ್ಮ ಕಡೆಯವರಿದ್ದರು, ಒಳಗೆ ಕಂಪ್ಯೂಟರ್ ಮುಂದೆ ಕೂರುವವರಲ್ಲೂ ಇದ್ದರು. "ಅಲ್ಲೊಬ್ಬಾಕಿ ಕನ್ನಡ ಡಾಕ್ಟರಮ್ಮ ಅದಾಳ" ಅಂತ ಸುದ್ದಿ ಹಬ್ಬಿ, ಊರಿನ ಉಬ್ಬುಗಳೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದವು.

ತಮ್ಮನ ಕಾಯಿಲೆ

ಯಾದಗಿರಿ ಕಡೆಯ ಕೂಲಿಯವನೊಬ್ಬ ಬಂದ. ಮಿಯಾಪುರದ ಅಪಾರ್ಟ್‌ಮೆಂಟ್ ಕೆಲಸದಲ್ಲಿ ಸಿಮೆಂಟ್ ಚೀಲ ಹೊರುವ ಗಟ್ಟಿ ಆಳು. ನನ್ನನ್ನು ನೋಡಿದ, ಬಾಗಿಲ ಕಡೆ ನೋಡಿದ. "ಡಾಕ್ಟರ್ ಸಾಹೇಬ್ರು ಯಾವಾಗ ಬರ್ತಾರ್ರಿ?"

"ನಾನೇ ಡಾಕ್ಟರು. ಏನಾಗೈತಿ ಹೇಳ್ರಿ."

ಅವನು ನೆಲ ನೋಡುತ್ತ, "ನನಗೇನೂ ಇಲ್ರಿ. ನನ್ನ ತಮ್ಮಗ. ತೊಡಿಸಂದ್ಯಾಗ ಗಂಟ ಬಂದೈತಿ" ಅಂದ.

"ತಮ್ಮನ್ನ ಕರಕೊಂಡು ಬರ್ರಿ."

"ಅಂವ ಊರಾಗ ಅದಾನ್ರಿ. ನೀವು ಗುಳಿಗಿ ಬರದು ಕೊಡ್ರಿ."

"ಕೆಮ್ಮಿದ್ರ ಗಂಟು ದೊಡ್ಡದಾಗತೈತೇನು?"

"ತಡೀರಿ" ಅಂದವನೇ ಗೋಡೆ ಕಡೆ ತಿರುಗಿ, ಲುಂಗಿಯ ಮೇಲೆ ಕೈಯಿಟ್ಟು ಜೋರಾಗಿ ಕೆಮ್ಮಿದ. "ಹೌದ್ರಿ, ಅವಗ ಆಗತೈತಿ."

ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ನಾನು ಗಂಭೀರವಾಗಿಯೇ ಕೇಳಿದೆ, "ಅಂಗಾತ ಮಲಗಿದ್ರ ಒಳಗ ಸರೀತೈತೇನು?"

ಮಂಚ ಹತ್ತಿ ಮಲಗಿ, ಸ್ವಲ್ಪ ಹೊತ್ತು ಒತ್ತಿ ನೋಡಿಕೊಂಡ. "ಸರೀತ್ರಿ. ಈಗ ಅವಗ ಆರಾಮ ಐತಿ."

ಹೊಟ್ಟೆಯ ಗೋಡೆ ಆ ಜಾಗದಲ್ಲಿ ಸಡಿಲಾಗಿ ಕರುಳು ಹೊರಗೆ ಇಣುಕುತ್ತದೆ, ಭಾರ ಎತ್ತಿದಷ್ಟೂ ಹೆಚ್ಚುತ್ತದೆ, ಗುಳಿಗೆಯಿಂದ ಹೋಗುವುದಲ್ಲ, ಆಪರೇಷನ್ನೇ ಆಗಬೇಕು ಅಂತ ತಿಳಿಸಿ ಹೇಳಿದೆ. ಮಲಗಿದ್ದವನು ಗಾಬರಿಯಿಂದ ಎದ್ದು ಕೂತ. "ಅವಗ ಭಾಳ ನೋವಾಗತೈತೇನ್ರಿ?"

"ಇಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು ಮಾಡತೀವಿ."

ಅವನು ಸ್ವಲ್ಪ ಯೋಚಿಸಿ ಹೇಳಿದ, "ಹಂಗಾರ ಅವಗೇನೂ ಅಡ್ಡಿ ಇಲ್ಲಂತ್ರಿ!"

ಪ್ಯಾಚು

ಹುಬ್ಬಳ್ಳಿಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನಿಗೆ ಹಳೆಯ ಆಪರೇಷನ್ನಿನ ಗಾಯದ ಗುರುತಿನಲ್ಲೇ ಉಬ್ಬು ಎದ್ದಿತ್ತು. ಗಾಯ ಪೂರ್ತಿ ಮಾಯುವ ಮೊದಲೇ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತಿದ್ದ.

"ಅಂದ್ರ ರಿಪೇರಿ ಮಾಡಿದ ಜಾಗದಾಗೇ ಹೊಸ ಬಗ್ ಬಂದೈತಿ" ಅಂದ.

"ಹೌದಪ್ಪಾ. ಅಲ್ಲಿ ಬಲೆಯಂಥ ಒಂದು ತುಂಡು ಇಟ್ಟು ಹೊಲೀತೀವಿ."

"ಪ್ಯಾಚ್!" ಅವನ ಮುಖ ಅರಳಿತು. "ಟೆಸ್ಟಿಂಗ್ ಯಾರು ಮಾಡ್ತಾರ ಮೇಡಂ?"

"ನೀನೇ. ಆಪರೇಷನ್ ಆದ ಮ್ಯಾಲೆ ಕೆಮ್ಮಿದಾಗ ಗೊತ್ತಾಗತೈತಿ."

ಅವನು ನಿಟ್ಟುಸಿರು ಬಿಟ್ಟ. "ನಮ್ಮ ಕಂಪನ್ಯಾಗೂ ಹಿಂಗ ರೀ. ಮೊದಲು ಹಚ್ಚತಾರ, ಆಮೇಲೆ ಗಿರಾಕಿ ಕೆಮ್ಮಬೇಕು."

ಹೊಕ್ಕಳದ ನಾಣ್ಯ

ಮೆಹದಿಪಟ್ಟಣಂನಿಂದ ಬೀದರಿನ ಅಜ್ಜಿಯೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಕೂಸು ಅತ್ತಾಗ ಹೊಕ್ಕಳು ಲಿಂಬೆಕಾಯಿಯಷ್ಟು ಉಬ್ಬುತ್ತಿತ್ತು. ಅಜ್ಜಿ ಅದರ ಮೇಲೆ ಒಂದು ನಾಣ್ಯವಿಟ್ಟು ಬಟ್ಟೆ ಬಿಗಿದಿದ್ದಳು.

"ಇದನ್ನ ಬಿಚ್ಚಬೇಕು ಅಜ್ಜಿ, ಚರ್ಮ ಹುಣ್ಣಾಗತೈತಿ. ಎಳೆಕೂಸಿನ ಹೊಕ್ಕಳ ಹರ್ನಿಯಾ ಹೆಚ್ಚಾಗಿ ಬೆಳೀತಾ ತಾನೇ ಮುಚ್ಚತೈತಿ. ಉಬ್ಬು ಗಟ್ಟಿಯಾಗಿ ಒಳಗ ಹೋಗಲಿಲ್ಲ ಅಂದ್ರ, ಬಣ್ಣ ತಿರುಗಿದ್ರ, ಕೂಸು ವಾಂತಿ ಮಾಡಿದ್ರ ಓಡಿ ಬರ್ರಿ" ಅಂದೆ. ಅಜ್ಜಿ ಒಲ್ಲದ ಮನಸ್ಸಿನಿಂದ ನಾಣ್ಯ ಬಿಚ್ಚಿಕೊಂಡಳು.

ಮಗು ಓಡಾಡುವಷ್ಟು ದೊಡ್ಡದಾದ ಮೇಲೆ ಮತ್ತೆ ಬಂದಳು. ಹೊಕ್ಕಳು ಸಪಾಟಾಗಿತ್ತು. "ನೋಡ್ರಿ ಅಜ್ಜಿ, ತಾನೇ ಮುಚ್ಚಿತು!" ಅಂತ ನಾನು ಬೀಗಿದೆ.

ಅಜ್ಜಿ ಕನಿಕರದಿಂದ ನಕ್ಕಳು. "ತಾನೇ ಹೆಂಗ ಮುಚ್ಚತೈತಿ ನನ್ನವ್ವಾ? ನೀ ಕೂಸಿಗೆ ಬ್ಯಾಡ ಅಂದಿ, ಅದಕ್ಕ ಅವನ ಹೆಸರಲೆ ಆ ನಾಣ್ಯಾನ ನನ್ನ ಹೊಕ್ಕಳಕ್ಕ ಕಟಗೊಂಡೀನಿ!"

ಅಕ್ಕನ ಅಳು

ಸನತ್‌ನಗರದ ಲೇತ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬರು, ಗುಲ್ಬರ್ಗಾದವರು. ಬೀಡಿ, ಬೀಡಿಯ ಕೆಮ್ಮು, ಕೆಮ್ಮಿನಿಂದ ಹರ್ನಿಯಾ. ಅದನ್ನು ಪಟ್ಟಿ ಬಿಗಿದು ವರ್ಷಗಟ್ಟಲೆ ಬಚ್ಚಿಟ್ಟಿದ್ದರು. ಒಂದು ಬೆಳಿಗ್ಗೆ ಗಂಟು ಕಲ್ಲಿನಂತಾಗಿ ಒಳಗೆ ಸರಿಯಲೇ ಇಲ್ಲ. ಜೀವ ಹೋಗುವಂಥ ನೋವು, ವಾಂತಿ. "ಗ್ಯಾಸ್ ಐತಿ" ಅಂತ ಅವರು ಅಜವಾನ ಜಗಿಯುತ್ತ ಕೂತಿದ್ದರು. ಹೆಂಡತಿ ಕೇಳದೆ ಆಟೋ ಹತ್ತಿಸಿ ತಂದಳು. ಕರುಳು ಸಿಕ್ಕಿಕೊಂಡು ಅದಕ್ಕೆ ರಕ್ತದ ಓಟ ನಿಲ್ಲತೊಡಗಿತ್ತು. ಇನ್ನಷ್ಟು ತಡವಾಗಿದ್ದರೆ ಕೊಳೆತೇ ಹೋಗುತ್ತಿತ್ತು. ಕೂಡಲೇ ಆಪರೇಷನ್ ಮಾಡಿದೆವು, ಉಳಿದರು.

ಆಮೇಲೆ ಹೆಂಡತಿಗೆ ಹೇಳಿದೆ, "ಹೊಟ್ಟ್ಯಾಗಿನ ಗಾಳಿ ಸರಿಯೋತನಕ ಬಾಯಿಗೆ ಹನಿ ನೀರೂ ಬ್ಯಾಡ. ಗಾಳಿ ಹೋತಂದ್ರ ಕರುಳು ಕೆಲಸ ಶುರು ಮಾಡೈತಿ ಅಂತ ಅರ್ಥ. ಹೋದ ಕೂಡಲೇ ನನಗ ಬಂದು ಹೇಳ್ರಿ."

ಆಕೆ ಮಂಚದ ಪಕ್ಕ ಕಿವಿಗೊಟ್ಟು ಕೂತಳು. ಗಾಳಿಗೋಸ್ಕರ ಮನೆದೇವರಿಗೆ ಹರಕೆ ಹೊತ್ತವಳು ಈ ಭೂಮಿಯ ಮೇಲೆ ಆಕೆಯೊಬ್ಬಳೇ ಇರಬೇಕು.

ಮರುದಿನ ಮಧ್ಯಾಹ್ನ ರೋಗಿಯ ಅಕ್ಕ, ಬೀಗರನ್ನೆಲ್ಲ ಕಟ್ಟಿಕೊಂಡು ಗುಲ್ಬರ್ಗಾದ ಗಾಡಿಯಿಂದ ನೆಟ್ಟಗೆ ಆಸ್ಪತ್ರೆಗೆ ಬಂದಳು. ಅವರು ಒಳಗೆ ಕಾಲಿಡುವುದಕ್ಕೂ, ಹೆಂಡತಿ ವಾರ್ಡಿನಿಂದ ಹೊರಗೆ ಓಡಿ ಬರುವುದಕ್ಕೂ ಸರಿಹೋಯಿತು. ಕಣ್ಣಲ್ಲಿ ಧಾರಾಕಾರ ನೀರು, ಬಿಚ್ಚಿದ ತುರುಬು. "ಡಾಕ್ಟರಮ್ಮಾ! ಹೋತ್ರೀ! ಕಡೀಕೂ ಹೋತು!"

ಅಕ್ಕ ಕೈಚೀಲ ಚೆಲ್ಲಿ ನೆಲದ ಮೇಲೆ ಕುಸಿದಳು. "ಅಯ್ಯೋ ನನ್ನ ತಮ್ಮಾ! ಅಕ್ಕನ ಮುಖ ನೋಡದ ಹೋದ್ಯಲ್ಲೋ!" ಬೀಗರೆಲ್ಲ ಎದೆ ಬಡಿದುಕೊಂಡರು. ಕನ್ನಡದ ಒಂದಕ್ಷರ ತಿಳಿಯದ ತೆಲುಗು ಆಯಾ ಕೂಡ ಸೆರಗು ಕಣ್ಣಿಗೆ ಒತ್ತಿದಳು.

ಹೆಂಡತಿ ಕಕ್ಕಾಬಿಕ್ಕಿ. "ಯಾಕ ಅಳತೀರಿ ಅಕ್ಕಾ? ಹೋಗಲೇಬೇಕಂತ ಡಾಕ್ಟರಮ್ಮನೇ ಹೇಳಿದ್ರು!"

ಅಷ್ಟರಲ್ಲಿ ನಾನು ಹೊರಗೆ ಬಂದೆ. ಬೀಗರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದ ರೀತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಪುಣ್ಯಕ್ಕೆ ವಾರ್ಡಿನಿಂದ ರೋಗಿಯ ಸಣ್ಣ ದನಿ ಕೇಳಿತು: "ಏ ಅಕ್ಕಾ, ಹೋಗಿದ್ದು ಗಾಳಿ! ನಾ ಇನ್ನೂ ಇಲ್ಲೇ ಅದೀನಿ!"

ಅಕ್ಕ ಕಣ್ಣೊರೆಸಿಕೊಂಡು ಎದ್ದಳು, ಚದುರಿದ ಸೀರೆ ಸರಿಮಾಡಿಕೊಂಡಳು, ವಾರ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಅಂದಳು:

"ಥೂ ನಿನ್ನ! ನಮ್ಮಪ್ಪ ಹೋದಾಗೂ ಇಷ್ಟು ಅತ್ತಿದ್ದಿಲ್ಲಲ್ಲೋ ನಾನು!"