ಹೆಸರು ಕೇಳದೆ ಹಾಕಿದ ಊಟ

ಮನೆಗೆ ಬಂದವನನ್ನು ಯಾರು, ಏನು ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಅದರಿಂದ ತಂಗಿಯ ಸೆಮಿನಾರಿಗೇ ಕುತ್ತು ಬಂತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಿಳಿಗೆರೆಯ ತೆಂಗಿನ ತೋಟ ಹಿಡಿದವನು. ತಂಗಿ ಸವಿತಾ ತಿಪಟೂರಿನಲ್ಲಿ ಎಂ.ಎ. ಓದುತ್ತಾಳೆ. ಅವನು ಬರುವ ಹಿಂದಿನ ದಿನ ನಾನು ಕಾಯಿ ಸುಲಿಯುವಾಗ ಗ್ರೀಕರ ಹಳೆಯ ಕಾವ್ಯವೊಂದರ ಕಥೆ ಹೇಳಿದಳು. ಹಡಗು ಒಡೆದು ದಡ ಸೇರಿದ ಅಪರಿಚಿತನಿಗೆ ಒಬ್ಬ ರಾಜ ಹೆಸರೂ ಕೇಳದೆ ಊಟ ಹಾಕುತ್ತಾನಂತೆ. ಯಾಕೆ ಹಾಕಿದ ಎಂಬುದೇ ಅವಳ ಸೆಮಿನಾರಿನ ವಿಷಯ. ದೇವರ ಭಯವೋ ದೊಡ್ಡತನವೋ ಎಂದು ತಲೆ ಕೆಡಿಸಿಕೊಂಡಿದ್ದಳು.

"ರಾಜಂಗೆ ಮದುವೆ ವಯಸ್ಸಿನ ಮಗಳಿದ್ಲಾ?"

"ಇದ್ಲು."

"ಇನ್ನೇನು ಕಣವ್ವ ಯೋಚ್ನೆ?"

ಇಷ್ಟು ಸುಲಭದ ವಿಷಯಕ್ಕೆ ಕಾಲೇಜು ಯಾಕೆ ಕಟ್ಟಿಸುತ್ತಾರೋ ಎಂದುಕೊಂಡೆ.

ಮಾರನೇ ಬೆಳಿಗ್ಗೆ ಬೈಕಿನಲ್ಲಿ ಒಬ್ಬ ಬಂದು ಸವಿತಾ ಇದ್ದಾರಾ ಎಂದ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಅವಳಿಗೆ ತಿಳಿಸದೆ ಹುಳಿಯಾರಿನ ಮದುವೆ ಬ್ರೋಕರಿಗೆ ಗಂಡು ಹುಡುಕಲು ಹೇಳಿದ್ದೆ. ಇವನೇ ಆ ಗಂಡು ಎಂದು ತೀರ್ಮಾನಿಸಿದೆ.

ಅವನು ಬಾಯಿ ತೆರೆದಾಗಲೆಲ್ಲ ಏನಾದರೊಂದು ತುಂಬಿದೆ. ಮೊದಲು ಎಳನೀರು. ಆಮೇಲೆ ಇನ್ನೊಂದು ಎಳನೀರು. ಬಳಿಕ ರೊಟ್ಟಿ, ಕಾಯಿಚಟ್ನಿ. ಅರ್ಜೆಂಟ್ ವಿಷಯ ಎಂದ. ಮೊದಲು ಊಟ ಎಂದು ಸಾಕ್ಷಾತ್ ಗ್ರೀಕ್ ರಾಜನಂತೆ ಅಪ್ಪಣೆ ಮಾಡಿದೆ. ಸವಿತಾ ಪಂಪ್‌ಹೌಸಿನ ನೆರಳಿನಲ್ಲಿ ಓದುತ್ತಿದ್ದಳು. ಕೂಗಿದರೆ ಕೇಳುವಷ್ಟು ದೂರ. ಕೂಗಲಿಲ್ಲ. ಗಂಡನ್ನು ಮೊದಲು ನಾನು ಅಳೆಯಬೇಡವೇ? ಕೊಬ್ಬರಿಯಾಗಲು ಕಾಯಿ ಹಾಕಿದ್ದ ಅಟ್ಟಕ್ಕೆ ಹತ್ತಿಸಿದೆ. ಒಂದೊಂದೇ ಕಾಯಿಯನ್ನು ಅವನ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಸದ್ದು ಕೇಳಿಸಿದೆ.

ಇಳಿಯುವ ಹೊತ್ತಿಗೆ ಸವಿತಾ ಎದುರಾದಳು.

"ನಿನ್ನ ನೋಡಾಕೆ ಬಂದವ್ರೆ ಕಣವ್ವ," ಎಂದೆ.

"ನಂಗೆ ಮದ್ವೆ ಆಗೈತೆ ಅಣ್ಣ," ಎಂದ ಅವನು, ಏಣಿಯ ಮೇಲಿಂದಲೇ.

ಅವನು ಅವಳ ಸಹಪಾಠಿ. ಅವತ್ತು ಮಧ್ಯಾಹ್ನ ಇದ್ದ ಸೆಮಿನಾರನ್ನು ಬೆಳಿಗ್ಗೆ ಹತ್ತು ಗಂಟೆಗೇ ಹಾಕಿದ್ದರು. ಅವಳ ಫೋನು ಸಿಗದೆ ಕರೆದೊಯ್ಯಲು ಬಂದಿದ್ದ. ಆಗ ಹನ್ನೊಂದಾಗಿತ್ತು. ಪಾಪ, ಅವನ ಸರದಿಯೂ ಅವತ್ತೇ!

ಇಬ್ಬರೂ ಓಡಿದರು. ನಾನು ಇಡೀ ದಿನ ಒಂದು ಕಾಯಿಯನ್ನೂ ಸುಲಿಯಲಿಲ್ಲ.

ಸಂಜೆ ಸವಿತಾ ನಗುತ್ತಲೇ ಬಂದಳು. ತಡವಾದ ಕಾರಣ ಕೇಳಿ ಮೇಡಂ ನಕ್ಕು, ಕೊನೆಯಲ್ಲಿ ಇಬ್ಬರಿಗೂ ಸಮಯ ಕೊಟ್ಟರಂತೆ.

"ಆ ರಾಜನೂ ಅಳಿಯ ಆಗು ಅಂತ ಕೇಳ್ದ ಕಣಣ್ಣ. ಆದ್ರೆ ಊರಿಗೆ ಹೋಗ್ತೀನಿ ಅಂದೋನ್ನ ತಡೀಲಿಲ್ಲ. ಹಡಗು ಕೊಟ್ಟು ಕಳಿಸ್ದ. ನೀನು ಅಟ್ಟ ಹತ್ತಿಸ್ದೆ." ಆಮೇಲೆ ನಗು ನಿಲ್ಲಿಸಿದಳು. "ಅದಿರ್ಲಿ, ಗಂಡು ಬೇಕು ಅಂತ ನಾನು ಯಾವಾಗ ಹೇಳಿದ್ದೆ?"

ನಮ್ಮ ವಂಶದಲ್ಲಿ ಅಣ್ಣಂದಿರು ತಂಗಿಯರ ಕ್ಷಮೆ ಕೇಳಿದ ದಾಖಲೆಯಿಲ್ಲ. ಎರಡು ಸಲ ಕೆಮ್ಮಿದೆ.

"ತಪ್ಪಾಯ್ತು ಕಣವ್ವ. ಬ್ರೋಕರಿಗೆ ಹೇಳಾಕೆ ಮುಂಚೆ ನಿನ್ನ ಕೇಳ್ಬೇಕಿತ್ತು."