ಗೇರುಹಣ್ಣಿನ ಬಣ್ಣ ಯಾವುದು?

ಉಡುಪಿಯ ಆಸುಪಾಸಿನಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನು ನಾನು. ಬಳಿಯುವುದು ಸುಲಭ. ಎರಡು ಬಣ್ಣ ತೋರಿಸಿ ಒಂದನ್ನು ಆರಿಸಿ ಎಂದಾಗಲೇ ನನಗೆ ಜೀವ ಬಾಯಿಗೆ ಬರುವುದು. ಆಮೇಲೆ "ಇದಲ್ಲ" ಎಂದರೆ ಇಡೀ ಕೋಣೆ ಉಜ್ಜಿ ಮತ್ತೆ ಬಳಿಯಬೇಕಲ್ಲ! ಕೂದಲೆಳೆಯ ಅಂತರದಲ್ಲಿ ಪಾರಾದದ್ದು ಒಂದೆರಡು ಸಲವಲ್ಲ.

೧

ಮಣಿಪಾಲದಲ್ಲಿ ಮೇಷ್ಟ್ರೊಬ್ಬರ ಮನೆ. ಗೋಡೆಯಲ್ಲಿ ಎರಡು ಮಾದರಿ ಬಳಿದಿದ್ದೆ. "ಎಡದ್ದು ಒಳ್ಳೆಯದುಂಟು" ಎಂದರು ಮೇಷ್ಟ್ರು. "ಬಲದ್ದೇ ಚೆಂದ" ಎಂದರು ಹೆಂಡತಿ. ಜಗಳ ಜೋರಾದಾಗ ನನಗೆ ಹೊಳೆಯಿತು: ಎರಡನ್ನೂ ಒಂದೇ ಬಕೆಟ್‌ನಿಂದ ಬಳಿದಿದ್ದೆ! ಎಡದ್ದು ಒಣಗಿತ್ತು, ಬಲದ್ದು ಇನ್ನೂ ಹಸಿ. ತುಟಿ ಬಿಚ್ಚದೆ ಕೋಣೆ ಮುಗಿಸಿದೆ. ಮರುದಿನ ಇಬ್ಬರೂ ಬೇರೆ ಬೇರೆಯಾಗಿ ಬಂದು ಗುಟ್ಟಾಗಿ ಹೇಳಿದರು: "ಕೊನೆಗೂ ನನ್ನ ಮಾತೇ ಕೇಳಿದಿರಲ್ಲ, ಥ್ಯಾಂಕ್ಸ್."

೨

ಶಂಕರಪುರದ ಮಲ್ಲಿಗೆ ಬೆಳೆಯುವ ಅಕ್ಕನೊಬ್ಬರು "ಮಲ್ಲಿಗೆ ಬಣ್ಣ ಬಳಿಯಿರಿ" ಎಂದಿದ್ದರು. ಅಚ್ಚ ಬಿಳಿಯೋ, ತುಸು ಹಸಿರು ಬೆರೆತದ್ದೋ? ಕೇಳದೆ ಹಸಿರು ಬೆರೆಸಿ ಬಳಿದುಬಿಟ್ಟೆ.

"ಇದೆಂತ ಮಾರಾಯರೇ, ಮೊಗ್ಗಿನ ಬಣ್ಣ? ನಾನು ಹೇಳಿದ್ದು ಅರಳಿದ್ದು!"

ನಾನು ಉಜ್ಜುವ ಕಾಗದ ಕೈಗೆತ್ತಿಕೊಂಡೆ. ಅವರೇ ಸ್ವಲ್ಪ ಯೋಚಿಸಿ ಹೇಳಿದರು: "ಇರಲಿ ಬಿಡಿ. ಅರಳಿದ್ದನ್ನು ಪೇಟೆಯಲ್ಲಿ ಯಾರೂ ಮೂಸುವುದಿಲ್ಲ."

೩

ಇದು ಕಾಪುವಿನದ್ದು. ಗಂಡ ಬಹ್ರೈನ್‌ನಿಂದ ಹೆಂಡತಿಗೆ ಕಾಗದ ಬರೆದಿದ್ದರು: "ನಾನು ಬರುವುದರೊಳಗೆ ಮನೆಯ ಮುಂದಿನ ಚಾವಡಿಗೆ ಗೇರುಹಣ್ಣಿನ ಬಣ್ಣ ಬಳಿಸು."

ಗೇರುಹಣ್ಣು ಕೆಂಪೂ ಉಂಟು, ಹಳದಿಯೂ ಉಂಟು. ಎರಡನ್ನೂ ಗೋಡೆಗೆ ಹಚ್ಚಿ ತೋರಿಸಿದೆ. "ನಮ್ಮ ಹಿತ್ತಲಿನ ಮರದ್ದು ಕೆಂಪು, ಮೇಸ್ತ್ರಿ, ಅದನ್ನೇ ಬಳಿಯಿರಿ" ಎಂದರು ಹೆಂಡತಿ. ಬಳಿದೆ.

ನಾನು ಕೂಲಿ ಕೇಳಲು ಹೋದ ದಿನವೇ ಗಂಡ ಬಂದರು. ಕಾರಿನಿಂದಿಳಿದು ಚಾವಡಿಗೆ ಕಾಲಿಟ್ಟವರೇ ನಿಂತುಬಿಟ್ಟರು. "ಇದೆಂತದು? ಗೇರುಹಣ್ಣು ಅಂದರೆ ಹಳದಿ! ಸಣ್ಣದಿರುವಾಗ ದಿನಾ ತಿಂದವ ನಾನು, ನನಗೆ ಗೊತ್ತಿಲ್ವಾ? ಮೇಸ್ತ್ರಿ, ನಾಳೆಯೇ ಎಲ್ಲ ಉಜ್ಜಿ ತೆಗೆಯಿರಿ!"

ಅಷ್ಟು ದೊಡ್ಡ ಚಾವಡಿ! ಉಜ್ಜಲು ಎಷ್ಟು ದಿನ ಬೇಕೆಂದು ನಾನು ಲೆಕ್ಕ ಹಾಕತೊಡಗಿದೆ. ಒಳಗಿನಿಂದ ಅವರ ವಯಸ್ಸಾದ ತಾಯಿ ಬಂದರು. ಗೋಡೆ ನೋಡಿದರು, ಮಗನನ್ನು ನೋಡಿದರು.

"ನಮ್ಮಲ್ಲಿ ಇದ್ದದ್ದು ಕೆಂಪು ಮಾತ್ರ. ಹಳದಿ ಮರ ಪಕ್ಕದ ಮನೆಯವರದ್ದು. ಯಾರೋ ದಿನಾ ಕದಿಯುತ್ತಾರೆ ಅಂತ ಆ ಮನೆಯ ಹೆಂಗಸು ನಮ್ಮ ಅಂಗಳಕ್ಕೆ ಬಂದು ಬೈದು ಹೋಗುತ್ತಿದ್ದಳು. ನಮ್ಮ ಮಗ ಅಂಥವನಲ್ಲ ಅಂತ ನಾನು ದೇವರ ಮೇಲೆ ಆಣೆ ಹಾಕಿದ್ದೆ. ಈಗ ಹೇಳು, ನೀನು ಹಳದಿ ತಿಂದದ್ದು ಎಲ್ಲಿ?"

ಮಗ ಒಂದು ಸಲ ಹೆಂಡತಿಯ ಮುಖ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಗೋಡೆಯನ್ನು ಮೆಲ್ಲಗೆ ಸವರಿ ಹೇಳಿದರು:

"ಕೆಂಪೇ ಚೆಂದ ಉಂಟು, ಅಲ್ವಾ ಮೇಸ್ತ್ರಿ?"