ಬೆಳ್ಳಟ್ಟಿಯ ಎರೆಹೊಲವನ್ನು ನುಣ್ಣಗೆ ಮಾಡಿದ ರೋಟಾವೇಟರ್ ಅವರಿಗೆ

ಮಾನ್ಯ ರೋಟಾವೇಟರ್ ಸಾಹೇಬರೇ,

ಬೆಳ್ಳಟ್ಟಿಯ ರೈತ ಮಾಶಾಕನ ಸಾವಿರ ಸಲಾಮುಗಳು. ತಮ್ಮ ನಲವತ್ತೆರಡು ಅಲಗುಗಳೂ ಕ್ಷೇಮವಾಗಿವೆಯೆಂದು ನಂಬಿದ್ದೇನೆ.

ನಾಲ್ಕು ವರ್ಷಗಳಿಂದ ತಮ್ಮನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿ ಕರೆತರುತ್ತಿರುವವನು ನಾನೇ. ನಮ್ಮೂರಲ್ಲಿ ಹೊಲ ಹಸನಾಗಿದೆಯೋ ಇಲ್ಲವೋ ಎಂಬುದನ್ನು ದಾರಿಹೋಕರು ರಸ್ತೆಯಲ್ಲೇ ನಿಂತು ತೀರ್ಮಾನಿಸುವುದರಿಂದ, ಪಕ್ಕದ ನಿಂಗಪ್ಪನ ಹೊಲದಲ್ಲಿರುವಂಥ ಮಣ್ಣಿನ ಹೆಂಟೆ ನನ್ನದರಲ್ಲಿ ಒಂದೂ ಕಾಣಬಾರದೆಂಬ ಹಟಕ್ಕೆ ಬಿದ್ದು, ಈ ಮುಂಗಾರಿಗೆ ಹೆಸರು ಬಿತ್ತುವ ಮೊದಲು ತಮ್ಮನ್ನು ಮೂರು ಸಲ ತಿರುಗಿಸಿದೆ. ತಾವು ಒಂದಿಷ್ಟೂ ಬೇಸರಿಸಲಿಲ್ಲ. ಹೆಂಡತಿ ಮೋತಿಬಿ ಒಂದು ಹಿಡಿ ಮಣ್ಣೆತ್ತಿ, "ಇದರಾಗ ಬಿತ್ತತೀರೇನ್ರಿ, ಇಲ್ಲಾ ನಾ ರೊಟ್ಟಿ ಬಡೀಲ್ಯಾ?" ಎಂದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ.

ಬಿತ್ತಿದ ಮರುದಿನ ಜೋರು ಮಳೆ, ಆಮೇಲೆ ಸುಡು ಬಿಸಿಲು. ತಮ್ಮ ನುಣ್ಣನೆಯ ಮಣ್ಣು ಮೇಲೆ ಹೆಪ್ಪುಗಟ್ಟಿ ಗಟ್ಟಿ ಪದರವಾಯಿತು. ಹಾರೆ ಹಾಕಿ ನೋಡಿದರೆ ಗೇಣು ಆಳವೂ ಇಳಿಯಲಿಲ್ಲ. ವರ್ಷವರ್ಷವೂ ಅದೇ ಆಳದಲ್ಲಿ ತಟ್ಟಿ ತಟ್ಟಿ ತಾವು ಅಲ್ಲಿ ನೆಲಗಟ್ಟು ಹಾಕಿದ್ದಿರಿ; ಮೇಲಿನ ಪದರವೇ ಚಾವಣಿ. ಅರ್ಜಿ ಕೊಟ್ಟು ಅಲೆದರೂ ಜನರಿಗೆ ಸಿಗದ ಪಕ್ಕಾ ಮನೆಯನ್ನು ನನ್ನ ಹೆಸರುಕಾಳಿಗೆ ಕೇಳದೆಯೇ ಕಟ್ಟಿಕೊಟ್ಟ ತಮ್ಮ ಔದಾರ್ಯ ದೊಡ್ಡದು. ಬಾಗಿಲು ಇಡುವುದೊಂದನ್ನು ಮರೆತಿರಿ. ಮೊಳಕೆಗಳು ಒಳಗೇ ಕತ್ತು ಬಾಗಿಸಿ ಹಳದಿಯಾಗಿದ್ದವು. ಎರಡು ದಿನದಲ್ಲಿ ಹೊರಗೆ ಬರದಿದ್ದರೆ ಈ ವರ್ಷದ ಹೆಸರು ಮುಗಿದಂತೆಯೇ ಎಂದು ನನಗೆ ನಿದ್ದೆ ಹತ್ತಲಿಲ್ಲ.

ಆಗ ಬಂದವನು ನಿಂಗಪ್ಪ. ಬೋರೆಮುಳ್ಳಿನ ಕಂಟಿಯೊಂದನ್ನು ಎಳೆದು ತಂದು, "ಹಗ್ಗ ನಾ ಹಿಡಿತೀನಿ, ನೀ ಕಂಟಿ ಮ್ಯಾಲ ಒಂದು ಕಲ್ಲು ಇಡಪಾ ಮಾಶಾಕ," ಎಂದ. ನನಗೆ ನಾಚಿಕೆಯಾಯಿತು. ದಿನವಿಡೀ ಅವನು, ಮೋತಿಬಿ, ನಾನು ಮೂವರೂ ಆ ಕಂಟಿಯನ್ನು ಎಳೆದಾಡಿ ಪದರ ಕೆರೆದೆವು. ಅರ್ಧ ಹೊಲ ಹುಟ್ಟಿತು, ಅರ್ಧ ಹೋಯಿತು.

ಆದ್ದರಿಂದ ತಾವು ಕೃಪೆಮಾಡಿ ಮೂರು ಸಲ ಹಿಂದುಮುಂದಾಗಿ ತಿರುಗಿ, ಪುಡಿಯಾದ ಮಣ್ಣನ್ನು ಮೊದಲಿದ್ದ ಹೆಂಟೆಗಳಾಗಿಯೇ ಜೋಡಿಸಿಕೊಡಬೇಕು. ತುಂಡಾದ ಎರೆಹುಳುಗಳ ತಲೆ ಯಾವುದು ಬಾಲ ಯಾವುದೆಂದು ಗುರುತಿಸಿ, ಹೊಂದಿಸಿ, ಕೆಲಸಕ್ಕೆ ವಾಪಸು ಕಳಿಸಬೇಕೆಂದು ವಿನಂತಿ.

ತಮ್ಮ ನುಣುಪಿಗೆ ಮರುಳಾದ ವಿಶ್ವಾಸಿ,
ಮಾಶಾಕ

ವಿ.ಸೂ.: ಬದುವಿನ ಬೇವಿನಮರ ಅಡ್ಡಬಂದು ತಾವು ತಿರುಗಲಾಗದೆ ಬಿಟ್ಟುಹೋದ ಮೂಲೆಯಲ್ಲಿ ಮೋತಿಬಿ ಉಳಿದ ನಾಲ್ಕು ಕಾಳು ಚೆಲ್ಲಿದ್ದಳು. ಇಡೀ ಹೊಲದಲ್ಲಿ ಒಂದೂ ತಪ್ಪದೆ ಹುಟ್ಟಿರುವುದು ಅಲ್ಲಿ ಮಾತ್ರ. ಮುಂದಿನ ವರ್ಷ ಹೊಲದ ತುಂಬ ಬೇವು ನೆಡುವ ವಿಚಾರವಿದೆ.